ಬೇಲಿಗೆ ಒರಗಿ ಕೂಗಿದ ಮಾತು

ಎಡಿತ್ ಹೊಲ್ರಾಯ್ಡ್ ಅಂದರೆ ಕಲ್ಲಿದ್ದಲು ಗಣಿಯ ಊರಾದ ಹ್ಯಾಗ್‌ತಾರ್ಪಿನ ಜನಕ್ಕೆ ಮೊದಲು ನೆನಪಾಗುತ್ತಿದ್ದುದು ಅವಳ ಮುಖವಲ್ಲ, ಗಂಟಲು. ಓಣಿಯ ಈ ತುದಿಯಲ್ಲಿ ನಿಂತು ಅವಳು ಗಂಡನನ್ನು ಊಟಕ್ಕೆ ಕರೆದರೆ ಆ ತುದಿಯಲ್ಲಿ ಹರಟುತ್ತಿದ್ದ ಮೂರು ಗಂಡಸರು ತಮ್ಮ ತಮ್ಮ ಮನೆಗೆ ಹೊರಡುತ್ತಿದ್ದರು. ಗಣಿಯ ಸೀಟಿ ಕೆಟ್ಟರೆ ಚಿಂತೆಯಿಲ್ಲ, ಎಡಿತ್‌ಳನ್ನು ಗೋಪುರ ಹತ್ತಿಸಿದರೆ ಸಾಕು ಎಂದು ಗಣಿಯ ಮ್ಯಾನೇಜರನೇ ಅಂದಿದ್ದನಂತೆ. ಅವಳೂ ಅದನ್ನು ಹೊಗಳಿಕೆ ಎಂದೇ ತಿಳಿದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು.

ಆ ಗಂಟಲು ಬಂದದ್ದು ಐದು ಜನ ಅಣ್ಣಂದಿರಿಂದ. ಅವರ ನಡುವೆ ಒಂದು ತುಂಡು ರೊಟ್ಟಿ ಸಿಗಬೇಕಾದರೂ ಕಿರುಚಲೇಬೇಕಿತ್ತು. ಮನೆಯ ಹಿಂದಿನ ಕಲ್ಲುಹಾಸಿನ ಸಂದಿಯಲ್ಲಿ, ಹಳೆಯ ಕಾಲುಚೀಲದೊಳಗೆ ಪತ್ರಿಕೆಯ ಕಾಗದ ತುರುಕಿ ಚೆಂಡು ಮಾಡಿಕೊಂಡು ಅಣ್ಣಂದಿರು ತಂಡಕ್ಕೆ ಹದಿಮೂರು ಜನರ ಆಟವಾದ ರಗ್ಬಿ ಲೀಗ್ ಆಡುತ್ತಿದ್ದರು. ಆರನೆಯವಳಾಗಿ ಎಡಿತ್‌ಳೂ ಆಡಿದಳು. ಹದಿಮೂರು ವರ್ಷದವರೆಗೆ ಆಡಿದಳು. ಚೆಂಡು ಹಿಡಿದು ಓಡುವ ಎದುರಾಳಿಯನ್ನು ಕೆಡವಲು ಅವನ ಸೊಂಟಕ್ಕಿಂತ ಕೆಳಗೆ ತೆಕ್ಕೆ ಹಾಕಬೇಕು, ತಲೆಯನ್ನು ಅವನ ಹಿಂಬದಿಗೆ ಇಟ್ಟುಕೊಳ್ಳಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಮೂಗು ಎರಡು ಸಲ ಒಡೆದ ಮೇಲೆ ತಾನೇ ಕಲಿತಳು. ಒಂದು ದಿನ ಪಕ್ಕದ ಮನೆಯ ಹುಡುಗನ ಕಾಲರ್ ಮೂಳೆ ಮುರಿದು ಬಂದಾಗ ತಾಯಿ ಅವಳ ಕೈಗೆ ಪಾತ್ರೆ ಉಜ್ಜುವ ಬ್ರಷ್ ಕೊಟ್ಟು, "ಇನ್ನ ನಿನ್ನ ಆಟ ಇದು" ಅಂದಳು. ಹೆಣ್ಣುಮಕ್ಕಳಿಗೆ ತಂಡ ಅನ್ನುವುದು ಆಗ ಎಲ್ಲೂ ಇರಲಿಲ್ಲ.

ಆಡುವುದು ನಿಂತರೂ ಆಟ ಬಿಡಲಿಲ್ಲ. ಅವಳು ಮದುವೆಯಾದದ್ದೇ ಹರ್ಬರ್ಟ್ ಹೊಲ್ರಾಯ್ಡ್‌ನನ್ನು. ಎಂಟು ವರ್ಷ ಊರಿನ ತಂಡಕ್ಕೆ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಅದೇ ತಂಡಕ್ಕೆ ಕೋಚ್ ಆದವನು. ಮಾತು ಕಡಿಮೆ, ಕೋಪ ಹೆಚ್ಚು. ಶುಕ್ರವಾರ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಹದಿಮೂರು ಚಮಚಗಳನ್ನು ಜೋಡಿಸಿಕೊಂಡು, ನಾಳೆ ಯಾರು ಎಲ್ಲಿ ನಿಲ್ಲಬೇಕು ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಎಡಿತ್ ಒಲೆಯ ಕಡೆಯಿಂದ ಬಂದು ಒಂದು ಚಮಚ ಸರಿಸಿ, "ಇಲ್ಲಿ ಸಂದ ಬಿಟ್ಟೀಯಲ್ಲ, ಎಮ್ಮಿ ಬೇಕಾದ್ರೂ ನುಗ್ಗತೈತಿ" ಅಂದು ಮತ್ತೆ ಒಲೆಗೆ ಹೋಗುತ್ತಿದ್ದಳು. ಹರ್ಬ್ ಆ ಚಮಚವನ್ನು ಹಿಂದಕ್ಕೆ ಇಟ್ಟದ್ದು ಬಹಳ ಕಡಿಮೆ. ಅವನ ಹೆಸರಿನಲ್ಲಿ ನಡೆದ ಅರ್ಧ ತಂತ್ರಗಳು ಅವಳವು. ಭಾನುವಾರ ಹದಿಮೂರು ಅಂಗಿಗಳ ಕೆಸರು ನೆನೆಹಾಕುವವಳೂ ಅವಳೇ. ಶನಿವಾರ ಮಧ್ಯಾಹ್ನ ಮಾತ್ರ ಅವಳದೇ ಜಾಗ: ಬಯಲಿನ ಎಡಗಡೆಯ ಕಬ್ಬಿಣದ ಬೇಲಿ, ನಡುಗೆರೆಯಿಂದ ಸ್ವಲ್ಪ ಆಚೆ. ಅಲ್ಲಿಗೆ ಒರಗಿ ನಿಂತು ಕೂಗುವುದು.

ಆಟ ತಿಳಿಯದವಳು ಕೂಗಿದ್ದಿದ್ದರೆ, ಹೋಗಲಿ ಬಿಡು ಅನ್ನಬಹುದಿತ್ತು. ಎಡಿತ್‌ಳಿಗೆ ತಿಳಿದಿತ್ತು. ಅವಳನ್ನು ಆಮೇಲೆ ತಿಂದದ್ದು ಅದೇ.

ಐವತ್ತೇಳನೆಯ ಇಸವಿಯ ಏಪ್ರಿಲ್. ಜಿಲ್ಲೆಯ ಕಪ್ಪಿನ ಕೊನೆಯ ಪಂದ್ಯ ಆ ವರ್ಷ ನಮ್ಮ ಬಯಲಿನಲ್ಲೇ ಬಿದ್ದಿತ್ತು. ಎದುರಿಗೆ ಮಿಲ್‌ಫರ್ತಿನವರು, ಅವರಿಗೂ ನಮಗೂ ಅಜ್ಜಂದಿರ ಕಾಲದಿಂದ ಆಗದು. ನಮ್ಮ ಕಡೆಯ ದೊಡ್ಡ ಆಸೆ ವಿಲ್ಫ್ ಬೀವರ್ಸ್. ಇಪ್ಪತ್ತಮೂರು ವರ್ಷ, ಗಣಿಯಲ್ಲಿ ಕಲ್ಲಿದ್ದಲು ಕಡಿಯುವವನು. ಅವನು ತೆಕ್ಕೆ ಹಾಕಿದರೆ ಗೋಡೆಗೆ ಢಿಕ್ಕಿ ಹೊಡೆದ ಹಾಗೆ. ಸಣ್ಣವನಿದ್ದಾಗಿನಿಂದ ಎಡಿತ್‌ಳ ಮೇಜಿನಲ್ಲಿ ಹುರಿದ ಮಾಂಸದ ಜಿಡ್ಡು ಸವರಿದ ರೊಟ್ಟಿ ತಿಂದು ಬೆಳೆದವನು, ಅವಳನ್ನು ಅಕ್ಕ ಎನ್ನುತ್ತಿದ್ದವನು. ಲೀಡ್ಸ್ ಕಡೆಯ ಯಾವುದೋ ದೊಡ್ಡ ಕ್ಲಬ್ಬಿನಿಂದ ಟೊಪ್ಪಿಗೆ ಹಾಕಿಕೊಂಡ ಒಬ್ಬ ಮನುಷ್ಯ ಅವನನ್ನು ನೋಡಲು ಬರುತ್ತಾನೆ, ಮುಂದಿನ ವಾರ ಸಂಬಳಕ್ಕೆ ಆಡಲು ಅವನಿಂದ ಸಹಿ ಹಾಕಿಸಿಕೊಳ್ಳುತ್ತಾನೆ ಎಂಬ ಸುದ್ದಿ ಬುಧವಾರವೇ ಅಂಗಡಿಯ ಸಾಲಿನಲ್ಲಿ ಹಬ್ಬಿತ್ತು.

ಆಟ ಶುರುವಾದಾಗ ವಿಲ್ಫ್ ನಡುವೆ ಇರಲಿಲ್ಲ. ಎಡ ಅಂಚಿನಲ್ಲಿ, ಎಡಿತ್‌ಳ ಬೇಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಸುಮ್ಮನೆ ನಿಂತಿದ್ದ. ಅಂಚಿನವನ ಕೆಲಸ ಓಡುವುದು. ಅದು ವಿಲ್ಫ್‌ನ ಜಾಗವಲ್ಲ. ಈಗಿನ ಹಾಗೆ ಗಾಯವಾದವನ ಬದಲು ಇನ್ನೊಬ್ಬನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಯಾರಿಗಾದರೂ ಪೆಟ್ಟಾದರೆ ಅವನನ್ನು ಅಂಚಿಗೆ ಕಳಿಸಿ, ಲೆಕ್ಕಕ್ಕೆ ಹದಿಮೂರು ತಲೆ ಇರಲಿ ಎಂದು ನಿಲ್ಲಿಸುತ್ತಿದ್ದರು. ಬೇಲಿಗೆ ಒರಗಿದ ಪ್ರತಿಯೊಬ್ಬರಿಗೂ ಇದು ಗೊತ್ತು. ಆದರೆ ಪಂದ್ಯ ಈಗಿನ್ನೂ ಶುರುವಾಗಿದೆ, ಹುಡುಗ ಕುಂಟುತ್ತಿಲ್ಲ, ಎಲ್ಲೂ ರಕ್ತವಿಲ್ಲ. ಎಡಿತ್ ಎದುರಿನ ದಿಬ್ಬದ ಮೇಲೆ ಕಣ್ಣು ಹಾಯಿಸಿದಳು. ಟೊಪ್ಪಿಗೆಯವನು ಕೋಲಿಗೆ ಕೈ ಊರಿ ನಿಂತಿದ್ದ. ಅವಳಿಗೆ ಎಲ್ಲ ತಿಳಿದ ಹಾಗಾಯಿತು. ಮುಂದಿನ ವಾರ ಮಾರಾಟವಾಗುವ ಸರಕು ಇವತ್ತು ಕೆಡಬಾರದಲ್ಲ!

ಮೊದಲರ್ಧ ಸಹಿಸಿಕೊಂಡಳು. ಎರಡನೆಯ ಅರ್ಧದಲ್ಲಿ ಮಿಲ್‌ಫರ್ತಿನವನೊಬ್ಬ ಅಂಚಿನಲ್ಲಿ ಓಡಿಬಂದಾಗ ವಿಲ್ಫ್ ಅವನ ಅಂಗಿಗೆ ಸುಮ್ಮನೆ ಕೈ ತಾಗಿಸಿ ಬಿಟ್ಟುಬಿಟ್ಟ. ಅವರಿಗೆ ಮೂರು ಅಂಕ ಬಂತು. ಎಡಿತ್ ಬೇಲಿಯ ಕೆಳಗಿನ ಸರಳಿನ ಮೇಲೆ ಹತ್ತಿ ನಿಂತಳು.

"ಯಾಕೋ ವಿಲ್ಫ್, ಮೈ ಕಾಯ್ಕೊಳ್ಳಾಕತ್ತಿಯೇನ? ಆ ಟೊಪಗೀಯಂವಗ ಮಾರಾಕ? ಅಂಜಬುರುಕ! ಅಂಗಿ ಬಿಚ್ಚಿ ನಿಮ್ಮವ್ವಗ ಕೊಡು, ಆಕಿ ಆಡ್ತಾಳ!"

ಬೇಲಿಯುದ್ದಕ್ಕೂ ಜನ ಹೋ ಎಂದು ನಕ್ಕರು. ನಾಲ್ಕು ಜನರಾಚೆ ನಿಂತಿದ್ದ ವಿಲ್ಫ್‌ನ ತಾಯಿಯೂ ನಕ್ಕಳು. "ಕೊಡಲಿ ಬಿಡು, ನನಗ ಹಿಡಸಂಗಿಲ್ಲ ಅಷ್ಟ" ಅಂದಳು. ದಿಬ್ಬದ ಮೇಲಿನವರೆಗೂ ಮಾತು ಮುಟ್ಟಿತು. ವಿಲ್ಫ್ ಒಂದು ಸಲ ಹೊರಳಿ ಎಡಿತ್‌ಳನ್ನು ನೋಡಿದ. ಕಿವಿಯವರೆಗೆ ಕೆಂಪಾಗಿದ್ದ.

ಕೊನೆಯ ನಾಲ್ಕು ನಿಮಿಷ. ನಮ್ಮದು ಎಂಟು, ಅವರದು ಏಳು. ಮಿಲ್‌ಫರ್ತಿನ ಕಟುಕನ ಮಗ, ಹದಿನೇಳು ಸ್ಟೋನ್, ಅಂದರೆ ನೂರು ಕಿಲೋಗೂ ಮೀರಿದ ತೂಕದ ಆಳು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅಂಚಿನಲ್ಲಿ ನುಗ್ಗಿದ. ಮುಂದೆ ವಿಲ್ಫ್ ಒಬ್ಬನೇ. ವಿಲ್ಫ್ ಅವನ ಎದೆಯೊಳಕ್ಕೇ ಹೋದ. ಇಬ್ಬರೂ ಬಿದ್ದ ಸದ್ದು ಬೇಲಿಯ ಸರಳಿನಲ್ಲಿ ಎಡಿತ್‌ಳ ಕೈಗೆ ತಾಗಿತು. ಚೆಂಡು ಹೊರಗೆ ಉರುಳಿತು. ಕಪ್ಪು ನಮ್ಮದಾಯಿತು.

ಕಟುಕನ ಮಗ ಎದ್ದ. ವಿಲ್ಫ್ ಏಳಲಿಲ್ಲ. ಬಾಯಿಂದ ನೊರೆಯಂತಹ ರಕ್ತ ಬರುತ್ತಿತ್ತು. ಜನ ಬೇಲಿ ಹಾರಿ, ಕುಣಿದು, ಎಡಿತ್‌ಳ ಬೆನ್ನು ತಟ್ಟುತ್ತಿರುವಾಗಲೇ ಅವನನ್ನು ಆಟಗಾರರು ಬಟ್ಟೆ ಬದಲಿಸುವ ಗುಡಿಸಲಿನ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಒಯ್ದರು.

ಆ ದಿನ ಸಂಜೆ ಹರ್ಬ್ ಕೈ ತೊಳೆಯುತ್ತ, ಅವಳ ಕಡೆ ನೋಡದೆ ಹೇಳಿದ. ಗುರುವಾರ ಗಣಿಯಲ್ಲಿ ಮೇಲಿನಿಂದ ಕಲ್ಲು ಬಿದ್ದು ವಿಲ್ಫ್‌ನ ಎರಡು ಪಕ್ಕೆಲುಬು ಬಿರಿದಿದ್ದವು. ಡಾಕ್ಟರಿಗೆ ತೋರಿಸಿದರೆ ಆಡಲು ಬಿಡುವುದಿಲ್ಲವೆಂದು ವಿಲ್ಫ್ ಕೋಚ್‌ಗೆ ಮಾತ್ರ ಹೇಳಿದ್ದ. ಹರ್ಬ್ ಅವನ ಎದೆಗೆ ಹಾಸಿಗೆಯ ಬಟ್ಟೆ ಸುತ್ತಿ ಬಿಗಿದು ಅಂಚಿನಲ್ಲಿ ನಿಲ್ಲಿಸಿದ್ದ. ಯಾರು ಬಂದರೂ ಹೋಗಲು ಬಿಡು, ಮೈ ತಾಗಿಸಬೇಡ ಎಂದಿದ್ದ. ಈಗ ಆ ಎಲುಬು ಶ್ವಾಸಕೋಶಕ್ಕೆ ಚುಚ್ಚಿದೆಯಂತೆ.

"ನನಗರ ಹೇಳಬೇಕಿತ್ತಲ್ಲ!" ಅಂದಳು ಎಡಿತ್.

"ನಿನಗ ಹೇಳಿದ್ರ ಮಿಲ್‌ಫರ್ತಿಗೇ ಹೇಳಿದಂಗ," ಅಂದ ಹರ್ಬ್. "ಗೊತ್ತಾಗಿದ್ರ ಹದಿಮೂರೂ ಮಂದಿ ಅವನ ಮ್ಯಾಲೇ ಬರ್ತಿದ್ರು."

ತನ್ನ ಬಾಯಿಯ ವಿಷಯದಲ್ಲಿ ಗಂಡ ಹೇಳಿದ್ದು ಸುಳ್ಳಾಗಿರಲಿಲ್ಲ.

ವಿಲ್ಫ್ ಏಳು ವಾರ ಆಸ್ಪತ್ರೆಯಲ್ಲಿದ್ದ. ಬದುಕಿ ಬಂದ, ಆದರೆ ಅರ್ಧ ಉಸಿರಿನ ಮನುಷ್ಯನಾಗಿ. ಟೊಪ್ಪಿಗೆಯವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ವಿಲ್ಫ್ ಇನ್ನು ಗಣಿಯೊಳಗೆ ಇಳಿಯುವಂತಿರಲಿಲ್ಲ, ಮೇಲೆ, ಪಟ್ಟಿಯ ಮೇಲೆ ಹರಿದು ಬರುವ ಕಲ್ಲಿದ್ದಲಿನಿಂದ ಕಲ್ಲು ಆರಿಸಿ ಎಸೆಯುವ ಕೆಲಸ ಕೊಟ್ಟರು. ಅದು ಮುದುಕರ ಕೆಲಸ, ಕೈಕಾಲು ಹೋದವರ ಕೆಲಸ. ಇಪ್ಪತ್ತನಾಲ್ಕಕ್ಕೆ ಅವನು ಆ ಸಾಲಿನಲ್ಲಿ ನಿಂತ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಎಡಿತ್‌ಳ ಮಾತು ಹೋಗಲೂ ಇಲ್ಲ. ಎಲುಬು ಮೊದಲೇ ಬಿರಿದಿದ್ದುದು ತಿಳಿಯದ ಊರಿನವರು ಅದನ್ನು ಎತ್ತಿ ಹಾರ ಹಾಕಿ ಇಟ್ಟುಕೊಂಡರು. "ಎಡಿತ್ ಕೂಗಿದ್ರ ಸತ್ತಾಂವನೂ ಎದ್ದು ತೆಕ್ಕಿ ಹಾಕ್ತಾನ" ಎಂಬುದು ಊರಿನ ಗಾದೆಯಾಯಿತು. ಕಪ್ಪು ಗೆದ್ದ ನೆನಪಿಗೆ ಪ್ರತಿ ಏಪ್ರಿಲ್‌ನಲ್ಲಿ ಕ್ಲಬ್ಬಿನಲ್ಲಿ ಊಟ. ಮಾಂಸದ ಪೈ, ಮುದ್ದೆಯಾಗುವ ಹಾಗೆ ಬೇಯಿಸಿದ ಬಟಾಣಿ, ಬಿಯರ್. ತಟ್ಟೆ ತೆಗೆದ ಮೇಲೆ ಕಾರ್ಯದರ್ಶಿ ಸ್ಟ್ಯಾನ್ಲಿ ಕ್ಲಫ್ ಚಮಚದಿಂದ ಗ್ಲಾಸು ಬಡಿದು, "ಏಳವಾ ಎಡಿತ್! ನಮ್ಮ ಕಪ್ಪ ಗೆದ್ದ ಗಂಟಲ ಒಮ್ಮಿ ಕೇಳಸ್ಲಿ!" ಎನ್ನುತ್ತಿದ್ದ. ಜನ ಮೇಜು ಗುದ್ದುತ್ತಿದ್ದರು. ಎಡಿತ್ ಕುರ್ಚಿಯ ಮೇಲೆ ಹತ್ತಿ ಅದೇ ಮಾತನ್ನು ಅದೇ ರಾಗದಲ್ಲಿ ಕೂಗುತ್ತಿದ್ದಳು. ಗಾಳಿ ಬರಲಿ ಎಂದು ಬಾಗಿಲ ಹತ್ತಿರ ಕೂತಿರುತ್ತಿದ್ದ ವಿಲ್ಫ್ ನಕ್ಕು ತನ್ನ ಗ್ಲಾಸು ಎತ್ತುತ್ತಿದ್ದ. ಅವನ ಹೆಂಡತಿ ಮ್ಯೂರಿಯಲ್ ಬಟಾಣಿಯ ತಟ್ಟೆಯನ್ನೇ ನೋಡುತ್ತಿದ್ದಳು.

ಮೊದಲ ವರ್ಷವೇ ಆಗುವುದಿಲ್ಲ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ? ಯಾಕೆ ಎಂದು ಹೇಳಬೇಕಾದೀತೆಂಬ ಹೆದರಿಕೆಗೆ ಅವಳು ಕುರ್ಚಿ ಹತ್ತಿದಳು. ಎರಡನೆಯ ವರ್ಷ, ಹೋದ ವರ್ಷ ಕೂಗಿದ್ದೆನಲ್ಲ ಎಂದು ಹತ್ತಿದಳು. ಹೀಗೆ ಹನ್ನೊಂದು ಸಲ. ಪ್ರತಿ ಸಲ ಮನೆಗೆ ಬಂದು ಬಾಯಿ ಮುಕ್ಕಳಿಸುತ್ತಿದ್ದಳು. ಮ್ಯೂರಿಯಲ್ ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದಳು. ಅಂಜಬುರುಕ ಎಂದು ತಾನು ಯಾರನ್ನು ಕರೆದೆ ಎಂಬುದು ಅವಳಿಗೆ ಆಗ ನೆನಪಾಗುತ್ತಿತ್ತು.

ಹನ್ನೊಂದನೆಯ ಊಟ ಅರವತ್ತೆಂಟರಲ್ಲಿ. ಅವಳು ಕುರ್ಚಿಯ ಮೇಲೆ ನಿಂತು "ಅಂಗಿ ಬಿಚ್ಚಿ" ಎನ್ನುವಷ್ಟರಲ್ಲಿ ವಿಲ್ಫ್‌ಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಗ್ಲಾಸು ಎತ್ತಿದ್ದ ಕೈಯಿಂದ ಬಿಯರ್ ಚೆಲ್ಲಿ ಅಂಗಿಯೆಲ್ಲ ತೊಯ್ದಿತು. ಜನ ಅದನ್ನೂ ತಮಾಷೆ ಎಂದುಕೊಂಡು ಇನ್ನಷ್ಟು ನಕ್ಕರು. ಕುರ್ಚಿಯ ಮೇಲೆ ನಿಂತಿದ್ದ ಎಡಿತ್‌ಳಿಗೆ ಮಾತ್ರ ಎಲ್ಲರ ತಲೆಯ ಮೇಲಿಂದ ಅವನ ಮುಖ ಕಂಡಿತು, ತುಟಿ ನೀಲಿಗಟ್ಟಿತ್ತು. ಮ್ಯೂರಿಯಲ್ ಅವನ ಬೆನ್ನು ಉಜ್ಜುತ್ತ ತಲೆಯೆತ್ತಿ ಎಡಿತ್‌ಳನ್ನೇ ನೋಡಿದಳು. ಎಡಿತ್ ಕೂಗನ್ನು ಮುಗಿಸಿಯೇ ಇಳಿದಳು. ಹಾಗೆ ಮುಗಿಸಿದ್ದಕ್ಕೆ ಅವಳು ಮುಂದೆ ಎಂದೂ ತನ್ನನ್ನು ಮನ್ನಿಸಿಕೊಳ್ಳಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಅವಳು ರೈಲುಹಳಿಯ ಪಕ್ಕದ ತರಕಾರಿ ಪಾತಿಗಳ ಕಡೆಗೆ ಹೋದಳು. ಗಣಿಯವರಿಗೆಲ್ಲ ಅಲ್ಲಿ ಒಂದೊಂದು ತುಂಡು ನೆಲವಿತ್ತು. ವಿಲ್ಫ್ ಗುದ್ದಲಿಯಿಂದ ಅಗೆಯುತ್ತಿದ್ದ. ನಾಲ್ಕು ಗುದ್ದಲಿ ಅಗೆದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದ. ಮತ್ತೆ ಎದ್ದು ನಾಲ್ಕು. ಅವಳು ದಾರಿಯಲ್ಲಿ ನಿಂತು ಮೂರು ಸಲ ಅದನ್ನು ನೋಡಿದಳು.

"ಬಾ ಯಕ್ಕಾ, ಅಲ್ಯಾಕ ನಿಂತಿ? ಎಲಿಕೋಸು ಬೇಕಿತ್ತೇನ?" ಅಂದ ವಿಲ್ಫ್.

"ಎಲಿಕೋಸು ಬ್ಯಾಡೋ. ನಾ ತಪ್ಪ ಮಾಡೀನಿ ವಿಲ್ಫ್. ಅವತ್ತ ನಾ ಹಂಗ ಅನ್ನಬಾರದಿತ್ತು."

ಅವನು ಗುದ್ದಲಿಯ ಮಣ್ಣನ್ನು ಬೂಟಿನಿಂದ ಕೆರೆದ. "ಯಾವತ್ತ?"

"ಯಾವತ್ತಂತ ನಿನಗ ಗೊತ್ತೈತಿ."

"ಗೊತ್ತೈತಿ. ನಿನಗ ಗೊತ್ತೈತೋ ಇಲ್ಲೋ ಅಂತ ಕೇಳಿದೆ." ಅವನು ಉಸಿರು ಎಳೆದುಕೊಂಡ. "ನಾ ಆ ಕಟುಕನ ಮಗನ್ನ ಬಿಡಾಂವ ಇದ್ದೆ. ಹರ್ಬ್ ಹೇಳಿದಂಗ ಕಾಲ ಹಿಂದ ತಗೊಂಡಿದ್ದೆ. ಅಷ್ಟರಾಗ ನಿನ್ನ ಮಾತು ಕಿವ್ಯಾಗ ಗುಂಯ್ ಅಂತು. ಮುಂದ ಹೋದೆ. ಅಷ್ಟ."

ಎಡಿತ್ ಏನೋ ಬೇರೆ ಕೇಳಿಸಿಕೊಳ್ಳಲು ಬಂದಿದ್ದಳು. ನೀ ಕೂಗದಿದ್ರೂ ನಾ ಹೋಗ್ತಿದ್ದೆ ಯಕ್ಕಾ, ಅಂತಾನೆ ಎಂದುಕೊಂಡಿದ್ದಳು. ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ಅವನ ಧ್ವನಿಯಲ್ಲಿ ಕೇಳಿಸಿಕೊಂಡೇ ಬಂದಿದ್ದಳು.

"ಮತ್ತ ವರ್ಸಾ ಗ್ಲಾಸ್ ಯಾಕ ಎತ್ತತಿದ್ದಿ?" ಎಂದು ಕೇಳಿದಳು, ಬೇರೇನೂ ತೋಚದೆ.

"ಎತ್ತಲಿಲ್ಲಂದ್ರ ಏನಂತಾರ? ವಿಲ್ಫ್‌ಗ ಇನ್ನೂ ಹೊಟ್ಯಾಗ ಉರಿ ಐತಿ ಅಂತಾರ. ನೀ ಕುರ್ಚಿ ಯಾಕ ಹತ್ತತಿದ್ದಿ?"

ಅವಳು ಎಲೆಕೋಸಿನ ಸಾಲಿನ ಕಡೆ ಮುಖ ತಿರುಗಿಸಿದಳು.

"ತಪ್ಪಾತು ಅನ್ನೂದ ಇಲ್ಲಿ ಹೇಳಿದ್ರ ಕೇಳಾಕ ಯಾರ ಅದಾರ? ನಾನು, ಈ ಎಲಿಕೋಸು. ನಾನೂರ ಮಂದಿ ಮುಂದ ಕೂಗಿದಿ. ಅಲ್ಲೇ ಹೇಳು. ಅದ ಗಂಟಲಲೆ ಹೇಳು." ಅವನು ಎದ್ದು ಮತ್ತೆ ಗುದ್ದಲಿ ಹಿಡಿದ. ಅವಳಿಗೆ ಬೆನ್ನು ತಿರುಗಿಸಿದ.

ಬಯಲಿನಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಹರ್ಬ್‌ಗೆ ಹೇಳಿದಾಗ ಅವನು ಪತ್ರಿಕೆ ಕೆಳಗಿಟ್ಟ. "ತಲಿ ಕೆಟ್ಟೈತೇನ ನಿಂದು? ಎಲಬ ಮುರದಿದ್ದು ಯಾರಿಗ ಗೊತ್ತಿತ್ತು ಅಂತ ಕೇಳ್ತಾರ. ಮುರದ ಎಲಬಿನಾಂವನ್ನ ಇಳಿಸಿದಾಂವ ಯಾರು ಅಂತಾರ. ಹದಿನೈದ ವರ್ಸದ ನನ್ನ ಹೆಸರ ಮಣ್ಣಾಗ ಹೋಗ್ತೈತಿ."

"ನಿನ್ನ ಹೆಸರ ತರಂಗಿಲ್ಲ. ನನ್ನದಷ್ಟ ಹೇಳ್ತೀನಿ."

"ಬಾಯಿ ತಗದ್ರ ನಿನಗ ಅಳತಿ ಎಲ್ಲೈತಿ?" ಅಂದು ಅವನು ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದ.

ಮೊದಲ ಶನಿವಾರ ಹೋಗಿ ಬೇಲಿಗೆ ಒರಗಿದಳು. ಅರ್ಧ ಆಟದ ಬಿಡುವು ಬಂತು, ಹೋಯಿತು. "ಇವತ್ತೇನ ಎಡಿತ್, ಬೆಕ್ಕು ನಾಲಿಗಿ ಕಚಗೊಂಡು ಹೋತೇನ?" ಎಂದು ಪಕ್ಕದವರು ಕೆಣಕಿದರು. ಎರಡನೆಯ ಶನಿವಾರ ಕಾಲುನೋವೆಂದು ಮನೆಯಲ್ಲಿ ಉಳಿದಳು. ಕಿಟಕಿಯಿಂದ ಬಯಲಿನ ಗದ್ದಲ ಕೇಳುತ್ತ, ನೋವಿಲ್ಲದ ಕಾಲನ್ನು ಉಜ್ಜುತ್ತ ಕೂತಿದ್ದಳು. ಮೂರನೆಯದು ಆ ವರ್ಷದ ಕೊನೆಯ ಪಂದ್ಯ. ಅಲ್ಲಿಂದ ಮುಂದೆ ಆಗಸ್ಟಿನವರೆಗೆ ಬಯಲು ಖಾಲಿ. ವಿಲ್ಫ್ ಬಂದಿದ್ದ, ಎದುರಿನ ಅಂಚಿನಲ್ಲಿ ಗೇಟಿನ ಹತ್ತಿರ, ಒಬ್ಬನೇ.

ಬಿಡುವಿನ ಸೀಟಿ ಊದಿತು. ಆಟಗಾರರು ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಕಿತ್ತಳೆ ಹೋಳು ಚೀಪತೊಡಗಿದರು. ಹರ್ಬ್ ಹೋಳುಗಳ ಬಟ್ಟಲು ಹಿಡಿದು ಅವರ ನಡುವೆ ಓಡಾಡುತ್ತಿದ್ದ. ಎಡಿತ್ ಬಗ್ಗಿ ಬೇಲಿಯ ಸರಳಿನ ಕೆಳಗೆ ನುಸುಳಿದಳು. ಹೆಂಗಸರು ಹುಲ್ಲಿನ ಮೇಲೆ ಕಾಲಿಡುತ್ತಿದ್ದ ಕಾಲವಲ್ಲ ಅದು. ಹತ್ತು ಹೆಜ್ಜೆ ಹೋಗಿ, ವಿಲ್ಫ್ ಆ ದಿನ ನಿಂತಿದ್ದ ಜಾಗದಲ್ಲಿ ನಿಂತು ತಿರುಗಿದಳು.

"ಅರೇ ನೋಡ್ರಿ, ಎಡಿತ್! ಕೂಗವಾ! ಕೂಗ!" ಚಪ್ಪಾಳೆ ಬಿತ್ತು. ಯಾರೋ ಆಗಲೇ ಅವಳ ರಾಗದಲ್ಲಿ "ಅಂಗೀ ಬಿಚ್ಚೀ" ಎಂದು ಶುರುಮಾಡಿದರು.

"ಐವತ್ತೇಳರಾಗ," ಎಂದು ಎಡಿತ್ ಕೂಗಿದಳು. ಧ್ವನಿ ಒಡೆಯಿತು. ಇನ್ನೊಮ್ಮೆ ಕೂಗಿದಳು. "ಐವತ್ತೇಳರಾಗ ವಿಲ್ಫ್ ಬೀವರ್ಸ್‌ನ ಎರಡ ಪಕ್ಕೆಲಬ ಮುರದಿದ್ವು! ಅದನ್ನ ಇಟಗೊಂಡ ಅವ ಇಲ್ಲಿ ನಿಂತಿದ್ದ! ಅವ ಅಂಜಿರಲಿಲ್ಲ. ಏನೂ ತಿಳೀದ ನಾ ಬಾಯಿ ಹರಕೊಂಡೆ. ಅವನ ಉಸಿರ ಕಸಗೊಂಡಾಕಿ ನಾನು. ತಿಳದ ಮ್ಯಾಲೂ ಹನ್ನೊಂದ ವರ್ಸ ಕುರ್ಚಿ ಹತ್ತಿ ನಿಮ್ಮನ್ನ ನಗಿಸಿದೆ. ತಪ್ಪಾತು ವಿಲ್ಫ್! ಇನ್ನ ಆ ಮಾತ ಯಾರೂ ನನ್ನ ಬಾಯಾಗ ಕೇಳಂಗಿಲ್ಲ!"

ನಗು ಒಮ್ಮೆಲೇ ನಿಲ್ಲಲಿಲ್ಲ. ಹತ್ತಿರದವರದು ಮೊದಲು ನಿಂತಿತು. ದಿಬ್ಬದ ಮೇಲಿನವರಿಗೆ ಸರಿಯಾಗಿ ಕೇಳಿರಲಿಲ್ಲ, ಅವರು ಇನ್ನೂ ಸ್ವಲ್ಪ ಹೊತ್ತು ಚಪ್ಪಾಳೆ ತಟ್ಟಿದರು. ಆಮೇಲೆ ಅವರಿಗೂ ಯಾರೋ ಹೇಳಿದರು. ಸ್ಟ್ಯಾನ್ಲಿ ಕ್ಲಫ್ ತನ್ನ ಬೂಟು ನೋಡಿಕೊಂಡ. "ಎಲಬ ಮುರದಿದ್ದು ಯಾರಿಗ ಗೊತ್ತಿತ್ತು?" ಎಂದು ಬೇಲಿಯ ಕಡೆಯಿಂದ ಒಂದು ಗಂಡುಧ್ವನಿ ಕೇಳಿತು. ಎಡಿತ್ ಉತ್ತರ ಕೊಡಲಿಲ್ಲ. ಹರ್ಬ್ ಬಟ್ಟಲು ಹಿಡಿದುಕೊಂಡು ಹಾಗೇ ನಿಂತಿದ್ದ. ಅವನೂ ಬಾಯಿ ತೆರೆಯಲಿಲ್ಲ. ಆ ದಿನವೂ ಇಲ್ಲ, ಆಮೇಲೆ ಸಾಯುವವರೆಗೂ ಇಲ್ಲ.

ಹೇಳಿದ್ದು ಮುಗಿದಿತ್ತು. ಇನ್ನು ಎಲ್ಲಿಗೆ ಹೋಗಬೇಕೆಂದು ಅವಳು ಯೋಚಿಸಿರಲಿಲ್ಲ. ಬೇಲಿಯ ಕಡೆ ಹೋಗಲು ಅಲ್ಲಿನ ಮುಖಗಳು ಬಿಡಲಿಲ್ಲ. ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳಲು ಹೋದಳು. ಶನಿವಾರದ ಕೋಟು ಹಾಕಿಕೊಂಡು ಬಂದಿದ್ದಳು, ಏಪ್ರನ್ ಇರಲಿಲ್ಲ.

ಆಗ ಎದುರಿನ ಅಂಚಿನಿಂದ ವಿಲ್ಫ್ ಬಯಲಿನೊಳಕ್ಕೆ ಬಂದ. ಗೆರೆಯಿಂದ ಗೆರೆಗೆ ಎಪ್ಪತ್ತು ಗಜ. ಇಪ್ಪತ್ತು ಗಜ ಬಂದು ನಿಂತ, ಸೊಂಟದ ಮೇಲೆ ಕೈಯಿಟ್ಟು ಉಸಿರು ಕೂಡಿಸಿಕೊಂಡ. ಮತ್ತೆ ಬಂದ. ಆಟಗಾರರು ಕೂತಿದ್ದವರು ಕಾಲು ಮಡಚಿ ದಾರಿ ಬಿಟ್ಟರು. ನಡುವಿನ ಹತ್ತಿರ ಇನ್ನೊಮ್ಮೆ ನಿಂತ. ಬಿಡುವಿನ ಹೊತ್ತು ಮುಗಿದೇ ಹೋಯಿತು. ನಾನೂರು ಜನ ಒಬ್ಬ ಮೂವತ್ತನಾಲ್ಕು ವರ್ಷದ ಗಂಡಸು ಒಂದು ಬಯಲು ದಾಟುವುದನ್ನು ನೋಡುತ್ತ ನಿಂತಿದ್ದರು. ಹನ್ನೊಂದು ವರ್ಷ ಅವನು ಬಾಗಿಲ ಹತ್ತಿರ ಕೂತದ್ದನ್ನು ಮಾತ್ರ ಕಂಡವರು, ನಡೆದದ್ದನ್ನು ಯಾರೂ ನಿಂತು ನೋಡಿರಲಿಲ್ಲ.

ಅವಳ ಹತ್ತಿರ ಬಂದು ಅವನು ಮೊದಲು ಉಸಿರಾಡಿದ. ಆಮೇಲೆ ಅಂದ: "ಆತು ಯಕ್ಕಾ. ಹೊರಗ ನಡಿ. ಹುಡುಗ್ರು ಆಡಬೇಕು."

ತೋಳು ಕೊಡಲು ಅವಳು ಕೈ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಇಬ್ಬರೂ ಗೇಟಿನ ಕಡೆಗೆ, ಅವನು ಬಂದ ದಾರಿಯಲ್ಲೇ ಹೊರಟರು. ಎಡಿತ್‌ಳ ಕಾಲಿಗೆ ಅಭ್ಯಾಸದ ವೇಗವೇ ಬಂತು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಪಕ್ಕದಲ್ಲಿ ಅವನಿಲ್ಲದ್ದು ಕಂಡು ಅಲ್ಲೇ ನಿಂತಳು. ಅವನು ಬಂದು ಸೇರಿದ ಮೇಲೆ ಸಣ್ಣ ಹೆಜ್ಜೆ ಇಟ್ಟಳು. ಅವನು ನಿಂತಾಗ ಅವಳೂ ನಿಂತಳು. ಅಷ್ಟು ಹತ್ತಿರದಿಂದ ಅವನ ಎದೆಯೊಳಗಿನ ಸದ್ದನ್ನು ಅವಳು ಅದೇ ಮೊದಲು ಕೇಳಿದ್ದು, ಒದ್ದೆ ಕಾಗದ ಹರಿದ ಹಾಗೆ. ತಲೆ ಎತ್ತಲಾಗಲಿಲ್ಲ. ರೆಫ್ರಿ ಸೀಟಿಯನ್ನು ತುಟಿಗೆ ಒಯ್ದ. ಅವರು ಇನ್ನೂ ಬಯಲಿನ ಅರ್ಧವನ್ನೂ ದಾಟಿಲ್ಲದ್ದನ್ನು ಕಂಡು, ಕೈ ಕೆಳಗಿಳಿಸಿದ.